ನಂಟು ಮತ್ತು ನಂಜು: ಸಂಕಟಕಾಲದ ಮುಂಬಯಿ, ಸಾಮಾಜಿಕ ಮಾಧ್ಯಮ ಹಾಗೂ ಜನಾಭಿಪ್ರಾಯ

2020ರ ಮೇ ತಿಂಗಳಲ್ಲಿ ಕನ್ನಡ ದಿನಪತ್ರಿಕೆಗಳ ಶೀರ್ಷಿಕೆಗಳಲ್ಲಿಯೂ ವಾರ್ತಾವಾಹಿನಿಗಳ ಪರದೆಯ ಮೇಲೂ ಕೈಯಿಂದ ಕೈಗೆ ದಾಟುತ್ತಿದ್ದ ಮೊಬೈಲ್ ಸಂದೇಶಗಳಲ್ಲಿಯೂ ಎರಡು ಪದಪುಂಜಗಳು ಮೇಲಿಂದ ಮೇಲೆ ಕಾಣಿಸಿಕೊಂಡವು: ‘ಮುಂಬೈ ನಂಟು’ ಮತ್ತು ‘ಮುಂಬೈ ನಂಜು’. ನಂಟು ಎಂದರೆ ಬಾಂಧವ್ಯ. ನಂಟ ಎಂದರೆ ಬಂಧು. ನಂಜು ಎಂದರೆ ವಿಷ. ಗಾಯವು ಕೀವುಗಟ್ಟಿದರೂ ಅದನ್ನು ನಂಜಾಯಿತೆಂದೇ ಹೇಳುತ್ತೇವೆ. ಒಂದು ವ್ಯಂಜನದ ಅಂತರದಲ್ಲಿರುವ ಈ ಎರಡು ಪದಗಳು ಆ ಕೆಲವು ವಾರಗಳಲ್ಲಿ ಒಂದೇ ಅರ್ಥದಲ್ಲಿ ಬಳಕೆಯಾದವು. ಮುಂಬಯಿಯಲ್ಲಿ ಬಂಧುವಿರುವುದೂ ಮುಂಬಯಿಯಿಂದ ರೋಗ ಬರುವುದೂ ಒಂದೇ ಸಂಗತಿಯ ಎರಡು ಹೆಸರುಗಳಾದವು. ಸಂಕಟದ ಸಮಯದಲ್ಲಿ ಸಾಮಾಜಿಕ ಮಾಧ್ಯಮಗಳು ಜನಾಭಿಪ್ರಾಯವನ್ನು ರೂಪಿಸುವ ಮತ್ತು ಒಡೆಯುವ ಬಗೆಯನ್ನು ಈ ಪದಗಳ ಜಾಡು ಹಿಡಿದು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಷಯವನ್ನು ಕುರಿತ ಚರ್ಚೆಗಳಲ್ಲಿ ಸಾಮಾನ್ಯವಾಗಿ ಸುಳ್ಳು ಸುದ್ದಿಯೇ ಮುಖ್ಯ ಅಪರಾಧಿಯಾಗಿ ಕಾಣಿಸಿಕೊಳ್ಳುತ್ತದೆ. ಸುಳ್ಳನ್ನು ಗುರುತಿಸಿ ಸತ್ಯವನ್ನು ಮುಂದಿಟ್ಟರೆ ಒಡಕು ಕಡಿಮೆಯಾಗುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಮುಂಬಯಿಯ ಅನುಭವವು ಈ ನಂಬಿಕೆಯನ್ನು ಪೂರ್ತಿಯಾಗಿ ಸಮರ್ಥಿಸುವುದಿಲ್ಲವೆಂಬುದು ನಮ್ಮ ಅಭಿಪ್ರಾಯ. ಸಂಕಟದಲ್ಲಿ ಮೊದಲು ಹುಟ್ಟುವುದು ಸುದ್ದಿಯಲ್ಲ, ‘ಇದಕ್ಕೆ ಯಾರು ಕಾರಣರು’ ಎಂಬ ಪ್ರಶ್ನೆ. ಆ ಪ್ರಶ್ನೆಯು ಹೊಣೆಗಾರರಿಗಾಗಿ ಒಂದು ಸ್ಥಾನವನ್ನು ಸಿದ್ಧಪಡಿಸಿ ಇಡುತ್ತದೆ. ಮಾಧ್ಯಮವು ಆ ಸ್ಥಾನಕ್ಕೆ ಒಂದು ಸಮೂಹವನ್ನು ತಂದು ನಿಲ್ಲಿಸಿ ಹೆಸರಿಡುತ್ತದೆ. ಹಾಗೆ ನಿಲ್ಲಿಸಲು ಸುಳ್ಳು ಸುದ್ದಿ ಸಾಕು. ನಿಜವಾದ ಸುದ್ದಿಯೂ ಸಾಕು.

ಹೊಸ ಮಾಧ್ಯಮಗಳ ಮೇಲೆ ಎಲ್ಲ ಭಾರವನ್ನೂ ಹೊರಿಸದಿರಲು ಹಳೆಯ ಎರಡು ಪ್ರಸಂಗಗಳನ್ನು ನೆನೆಯಬೇಕು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿ ಭಾಗದಲ್ಲಿ ಪ್ಲೇಗು ಕಾಣಿಸಿಕೊಂಡಿತು. ಮರುತಿಂಗಳು, ಆಸ್ಪತ್ರೆಗೆ ಒಯ್ದವರನ್ನು ಅಲ್ಲಿ ಕೊಲ್ಲಲಾಗುತ್ತದೆ ಎಂಬ ವದಂತಿ ಗಿರಣಿ ಕಾರ್ಮಿಕರ ಚಾಳುಗಳಲ್ಲಿ ಹಬ್ಬಿ, ಅಕ್ಟೋಬರ್ 29ರಂದು ದೊಡ್ಡ ಗುಂಪೊಂದು ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ದಾಳಿ ಮಾಡಿತು. (ಅದೇ ಆಸ್ಪತ್ರೆ ಕಸ್ತೂರ್ಬಾ ಎಂಬ ಹೆಸರಿನಲ್ಲಿ 2020ರ ಮಾರ್ಚಿನಲ್ಲಿ ನಗರದ ಮೊದಲ ಕೋವಿಡ್ ರೋಗಿಗಳನ್ನು ಸೇರಿಸಿಕೊಂಡಿತು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯೂ ಅಷ್ಟು ದೀರ್ಘಾಯುವೇ.) ಎರಡನೆಯದು 1992ರ ಡಿಸೆಂಬರ್ ಹಾಗೂ 1993ರ ಜನವರಿಯ ಗಲಭೆಗಳು. ಸುಮಾರು 900 ಮಂದಿ ಸತ್ತ ಆ ದಿನಗಳಲ್ಲಿ ಸಮುದ್ರಮಾರ್ಗವಾಗಿ ಶಸ್ತ್ರಾಸ್ತ್ರಗಳು ಬರುತ್ತಿವೆಯೆಂಬ ವದಂತಿಗೆ ಜನರು ಕಡಲತೀರದಲ್ಲಿ ರಾತ್ರಿ ಕಾವಲು ನಿಂತಿದ್ದರು. ಪತ್ರಿಕೆಗಳ ಪ್ರಚೋದಕ ಬರಹವನ್ನು ನ್ಯಾಯಮೂರ್ತಿ ಶ್ರೀಕೃಷ್ಣ ಆಯೋಗದ 1998ರ ವರದಿ ಹೆಸರಿಸಿಯೇ ಖಂಡಿಸಿತು. ಎಂದರೆ ವದಂತಿಗೆ ಮೊಬೈಲ್ ಬೇಕಾಗಿಲ್ಲ. ಆದರೆ ಚಾಳಿನಲ್ಲಿ ವದಂತಿ ತಂದವನಿಗೆ ಒಂದು ಮುಖವಿತ್ತು. ಪತ್ರಿಕೆಯಲ್ಲಿ ಬರೆದವನಿಗೆ ಒಂದು ವಿಳಾಸವಿತ್ತು. ‘ನಿನಗೆ ಯಾರು ಹೇಳಿದರು’ ಎಂದು ಕೇಳಲು, ತಡವಾಗಿಯಾದರೂ ಒಂದು ಆಯೋಗ ಹೆಸರಿಸಲು, ಅವಕಾಶವಿತ್ತು.

ಈ ಮುಖ ಮತ್ತು ವಿಳಾಸಗಳು ಅಳಿಸಿಹೋದಾಗ ಏನಾಗುತ್ತದೆಂಬುದು ಮುಂಬಯಿಗೆ ಮೊದಲು ತಿಳಿದುಬಂದದ್ದು 2012ರ ಆಗಸ್ಟಿನಲ್ಲಿ. ಆ ವರ್ಷದ ಜೂನ್‌ನಲ್ಲಿ ಮ್ಯಾನ್ಮಾರಿನ ರಖೈನ್ ಪ್ರಾಂತದಲ್ಲಿ, ಜುಲೈಯಲ್ಲಿ ಅಸ್ಸಾಮಿನ ಕೊಕ್ರಾಝಾರ್ ಹಾಗೂ ಸುತ್ತಲಿನ ಜಿಲ್ಲೆಗಳಲ್ಲಿ ಹಿಂಸಾಚಾರ ನಡೆದಿತ್ತು. ಅಸ್ಸಾಮೊಂದರಲ್ಲೇ ಸುಮಾರು 4 ಲಕ್ಷ ಮಂದಿ ನಿರಾಶ್ರಿತರಾದರು. ಎರಡೂ ಕಡೆ ನಡೆದ ದುರಂತ ನಿಜವಾದದ್ದು. ಆದರೆ ಅವುಗಳ ಹೆಸರಿನಲ್ಲಿ ಹರಿದಾಡಿದ ಹಲವು ಚಿತ್ರಗಳು ಅಲ್ಲಿಯವಾಗಿರಲಿಲ್ಲ. 2010ರಲ್ಲಿ ಚೀನಾದ ಯುಶು ಪ್ರದೇಶದ ಭೂಕಂಪದಲ್ಲಿ ಮಡಿದವರ ಶವಗಳ ನಡುವೆ ಟಿಬೆಟನ್ ಭಿಕ್ಷುಗಳು ನಿಂತಿದ್ದ ಚಿತ್ರವೊಂದು, ಭಿಕ್ಷುಗಳೇ ಕೊಂದ ಮುಸ್ಲಿಮರ ಶವಗಳು ಎಂಬ ವಿವರಣೆಯೊಂದಿಗೆ ಹಬ್ಬಿತು. ಇಲ್ಲಿ ಚಿತ್ರವನ್ನು ತಿದ್ದಬೇಕಾದ ಅಗತ್ಯವೇ ಇರಲಿಲ್ಲ. ಅದರ ಸ್ಥಳ ಮತ್ತು ಕಾಲಗಳನ್ನು ತೆಗೆದುಹಾಕಿದ್ದೇ ಸಾಕಾಯಿತು. ಶವಸಂಸ್ಕಾರಕ್ಕೆ ಬಂದವರು ಕೊಲೆಗಾರರಾಗಿಬಿಟ್ಟರು.

ಆಗಸ್ಟ್ 11ರಂದು ದಕ್ಷಿಣ ಮುಂಬಯಿಯ ಆಜಾದ್ ಮೈದಾನದಲ್ಲಿ ಈ ಹಿಂಸೆಯನ್ನು ವಿರೋಧಿಸಿ ನಡೆದ ಸಭೆ ಗಲಭೆಗೆ ತಿರುಗಿ ಇಬ್ಬರು ಸತ್ತರು; ಐವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು, ಅವರಲ್ಲಿ ಬಹುಪಾಲು ಪೊಲೀಸರು. ವಾರ್ತಾವಾಹಿನಿಗಳ ವಾಹನಗಳಿಗೆ ಬೆಂಕಿ ಹಚ್ಚಲಾಯಿತು. ತಮ್ಮವರ ಸಾವನ್ನು ವಾಹಿನಿಗಳು ತೋರಿಸುತ್ತಿಲ್ಲವೆಂಬ ಸಿಟ್ಟು ಅಲ್ಲಿ ಪ್ರಕಟವಾಗಿತ್ತು ಎಂಬುದನ್ನು ಗಮನಿಸಬೇಕು. ಮೊಬೈಲಿನ ಚಿತ್ರ ನಿಜವೆಂದು ತೋರುವುದಕ್ಕೆ ಅದು ವಾಹಿನಿಯಲ್ಲಿ ಇಲ್ಲದಿರುವುದೇ ಪ್ರಮಾಣವಾಗಿತ್ತು. ಆ ದಿನ ಕಿಡಿಗೇಡಿಗಳು ಅಮರ ಜವಾನ್ ಸ್ಮಾರಕವನ್ನು ಒದ್ದು ಹಾಳುಗೆಡವುತ್ತಿರುವ ಛಾಯಾಚಿತ್ರವೊಂದು ಮರುದಿನದಿಂದ ಇನ್ನೊಂದು ಪಕ್ಷದವರಲ್ಲಿ ಹರಡತೊಡಗಿತು. ಈ ಚಿತ್ರ ಸುಳ್ಳಲ್ಲ. ಸ್ಥಳ, ಕಾಲ, ಕೃತ್ಯ ಎಲ್ಲವೂ ಸರಿಯಾಗಿಯೇ ಇದ್ದವು. ಆದರೂ ಒಬ್ಬಿಬ್ಬರ ಕೃತ್ಯವನ್ನು ಒಂದು ಧರ್ಮದವರೆಲ್ಲರ ಗುರುತಾಗಿಸುವ ಕೆಲಸವನ್ನು, ಯುಶುವಿನ ಚಿತ್ರ ಮಾಡಿದಂತೆಯೇ, ಅದೂ ಮಾಡಿತು.

ಇದೇ ಸಾಮಗ್ರಿ ಕೆಲವೇ ದಿನಗಳಲ್ಲಿ ಬೆಂಗಳೂರಿನಲ್ಲಿ ತದ್ವಿರುದ್ಧವಾದ ಪರಿಣಾಮವನ್ನುಂಟುಮಾಡಿತು. ರಮಜಾನ್ ಮುಗಿದೊಡನೆ ಈಶಾನ್ಯದವರ ಮೇಲೆ ಸೇಡು ತೀರಿಸಲಾಗುವುದೆಂಬ ಕಿರುಸಂದೇಶಗಳು ಹಬ್ಬಿ, ಆಗಸ್ಟ್ 15ರಿಂದ ಮೂರು-ನಾಲ್ಕು ದಿನಗಳಲ್ಲಿ ಹೋಟೆಲು, ಸೌಂದರ್ಯಗೃಹ, ಕಾವಲು ಕೆಲಸಗಳಲ್ಲಿದ್ದ ಈಶಾನ್ಯ ರಾಜ್ಯಗಳ ಯುವಜನರು, ವಿದ್ಯಾರ್ಥಿಗಳು ನಗರವನ್ನು ತೊರೆದರು. ಅವರ ಸಂಖ್ಯೆಯನ್ನು ಅಂದಿನ ಪತ್ರಿಕೆಗಳು ಸುಮಾರು 30,000 ಎಂದು ಅಂದಾಜಿಸಿದ್ದವು. ರೈಲ್ವೆಯವರು ಗುವಾಹಾಟಿಗೆ ವಿಶೇಷ ರೈಲುಗಳನ್ನು ಬಿಟ್ಟರು. ಅಂದಿನ ಗೃಹಸಚಿವರು ನಿಲ್ದಾಣಕ್ಕೇ ಹೋಗಿ ಹೋಗಬೇಡಿರೆಂದು ವಿನಂತಿಸಿದರು. ಪುಣೆಯಲ್ಲಿ ಈಶಾನ್ಯದವರ ಮೇಲೆ ಹಲ್ಲೆ ನಡೆದಿದ್ದುದು ನಿಜ. ಮೈಸೂರಿನಲ್ಲಿ ಟಿಬೆಟನ್ ವಿದ್ಯಾರ್ಥಿಯೊಬ್ಬರಿಗೆ ಇರಿದದ್ದೂ ನಿಜ. ಆದರೆ ಬೆಂಗಳೂರಿನಲ್ಲಿ ಸಂದೇಶಗಳು ಮುನ್ಸೂಚಿಸಿದ ಸಾಮೂಹಿಕ ದಾಳಿ ನಡೆಯಲೇ ಇಲ್ಲ. ಮುಂಬಯಿಯಲ್ಲಿ ಕೋಪವಾದದ್ದು ಬೆಂಗಳೂರಿನಲ್ಲಿ ಭಯವಾಯಿತು. ರೈಲು ಹತ್ತಿದವರನ್ನು ನಗೆಪಾಟಲು ಮಾಡಿದ ಟೀಕೆಗಳೂ ಆಗ ಬಂದವು, ಅವು ನ್ಯಾಯವಲ್ಲ. ಅಪರಿಚಿತ ನಗರದಲ್ಲಿ ಮುಖಚಹರೆಯಿಂದಲೇ ಗುರುತಿಸಲ್ಪಡುವವನಿಗೆ ಸಂದೇಶ ಸುಳ್ಳಾಗಿರಬಹುದೆಂದು ಕಾದು ನೋಡುವ ಸವಲತ್ತು ಇರುವುದಿಲ್ಲ.

ಆಗಸ್ಟ್ 17ರಂದು ಕೇಂದ್ರ ಸರ್ಕಾರವು ಒಂದು ಮೊಬೈಲಿನಿಂದ ದಿನಕ್ಕೆ 5 ಕಿರುಸಂದೇಶ ಮಾತ್ರ ಎಂಬ ಮಿತಿಯನ್ನು 15 ದಿನಗಳ ಅವಧಿಗೆ ವಿಧಿಸಿತು. ವಾರದೊಳಗೆ ಅದನ್ನು 20ಕ್ಕೆ ಏರಿಸಲಾಯಿತು. ಆರು ವರ್ಷಗಳ ಅನಂತರ, 2018ರ ಜುಲೈಯಲ್ಲಿ, ವಾಟ್ಸಾಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಸಾಗಿಸಬಹುದೆಂಬ ಮಿತಿ ತಂದಾಗ ಈ ಐದರ ಲೆಕ್ಕವೇ ಮರಳಿ ಬಂತು. ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಜುಲೈ 1ರಂದು ಐವರನ್ನು, ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಜುಲೈ 13ರಂದು ಹೈದರಾಬಾದಿನ ತಂತ್ರಜ್ಞರೊಬ್ಬರನ್ನು ಮಕ್ಕಳ ಕಳ್ಳರೆಂದು ಶಂಕಿಸಿ ಗುಂಪುಗಳು ಕೊಂದದ್ದು ಆಗಿನ ಹಿನ್ನೆಲೆ. ಇಂಥ ಮಿತಿಗಳಿಂದ ವೇಗ ತಗ್ಗುತ್ತದೆ ಎಂಬುದನ್ನು ಒಪ್ಪೋಣ. ಹೊಣೆಗಾರರಿಗಾಗಿ ಸಿದ್ಧವಾಗಿರುವ ಸ್ಥಾನ ಮಾತ್ರ ಮಿತಿಯಿಂದ ತೆರವಾಗುವುದಿಲ್ಲ.

ಅದು ಸ್ಪಷ್ಟವಾದದ್ದು 2020ರ ಏಪ್ರಿಲ್‌ನಲ್ಲಿ. ಅತಿಯಾಗಿ ಸಾಗಿಸಲ್ಪಟ್ಟ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದೆಂದು ವಾಟ್ಸಾಪ್ ನಿರ್ಬಂಧಿಸಿದ್ದು ಆ ತಿಂಗಳ 7ರಂದು. ಸರಿಯಾಗಿ ಒಂದು ವಾರದ ಅನಂತರ, 14ರ ಬೆಳಿಗ್ಗೆ, ದಿಗ್ಬಂಧನವನ್ನು ಮೇ 3ರವರೆಗೆ ವಿಸ್ತರಿಸಿರುವುದಾಗಿ ಪ್ರಧಾನಿ ಘೋಷಿಸಿದರು. ಅದೇ ಮಧ್ಯಾಹ್ನ ಬಾಂದ್ರಾ ನಿಲ್ದಾಣದ ಪಶ್ಚಿಮ ಭಾಗದಲ್ಲಿ ಸಾವಿರಕ್ಕೂ ಹೆಚ್ಚು ವಲಸೆ ಕಾರ್ಮಿಕರು ಊರಿಗೆ ಹೋಗಲು ರೈಲು ಸಿಗುವುದೆಂಬ ಆಸೆಯಿಂದ ನೆರೆದರು. ವಿಶೇಷ ರೈಲುಗಳ ಕುರಿತ ಸುದ್ದಿಗಾಗಿ ಮರಾಠಿ ವಾಹಿನಿಯೊಂದರ ವರದಿಗಾರರನ್ನೂ, ಸಾಮಾಜಿಕ ಮಾಧ್ಯಮದಲ್ಲಿ ಹಾಕಿದ ದೃಶ್ಯತುಣುಕುಗಳಿಗಾಗಿ ಮತ್ತೊಬ್ಬರನ್ನೂ ಪೊಲೀಸರು ಬಂಧಿಸಿದರು. ನಿಲ್ದಾಣದ ಪಕ್ಕದಲ್ಲಿ ಒಂದು ಮಸೀದಿಯಿದೆ. ಗುಂಪಿನ ದೃಶ್ಯದಲ್ಲಿ ಆ ಮಸೀದಿ ಕಾಣಿಸಿದ್ದೇ ತಡ, ಚರ್ಚೆ ಕಾರ್ಮಿಕರ ಹಸಿವಿನಿಂದ ಮಸೀದಿಯ ಕಡೆಗೆ ಹೊರಳಿತು. ಇಲ್ಲಿ ನಡೆದ ಆವರ್ತನೆಯನ್ನು ಗಮನಿಸಬೇಕು. ಅಂದಿನ ಟ್ವಿಟರಿನಲ್ಲಿ ಹೆಚ್ಚು ಚರ್ಚಿತವಾದ ಪ್ರಶ್ನೆ ಸುದ್ದಿಮನೆಗೆ ವಿಷಯವಾಗುತ್ತದೆ. ಸುದ್ದಿಮನೆಯ ಚರ್ಚೆಯ ತುಣುಕು ಕತ್ತರಿಸಲ್ಪಟ್ಟು ವಾಟ್ಸಾಪ್ ಗುಂಪುಗಳಿಗೆ ಇಳಿಯುತ್ತದೆ. ಗುಂಪುಗಳಲ್ಲಿ ಅದು ‘ಟೀವಿಯಲ್ಲಿ ಬಂದದ್ದು’ ಎಂಬ ಪ್ರಾಮಾಣ್ಯವನ್ನು ಪಡೆಯುತ್ತದೆ. ಆ ಗುಂಪುಗಳು ಹೊರಗಿನವರಿಗೆ ಕಾಣುವುದಿಲ್ಲವಾದ್ದರಿಂದ ತಿದ್ದುಪಡಿ ಅಲ್ಲಿಗೆ ತಲುಪುವುದು ವಿರಳ. ತಲುಪಿದರೂ, ತಂದವನು ಯಾವ ಪಕ್ಷದವನೆಂಬ ಪ್ರಶ್ನೆ ಮೊದಲು ಏಳುತ್ತದೆ.

ಎರಡೇ ದಿನಗಳ ಬಳಿಕ, ಏಪ್ರಿಲ್ 16ರ ರಾತ್ರಿ, ಮುಂಬಯಿಯ ಕಾಂದಿವಲಿಯಿಂದ ಸೂರತ್ತಿಗೆ ಹೊರಟಿದ್ದ ಇಬ್ಬರು ಸಾಧುಗಳನ್ನೂ ಅವರ ಚಾಲಕರನ್ನೂ ಪಾಲ್ಘರ್ ಜಿಲ್ಲೆಯ ಗಡಚಿಂಚಲೆ ಗ್ರಾಮದಲ್ಲಿ ಪೊಲೀಸರ ಎದುರಿನಲ್ಲೇ ಗುಂಪು ಹೊಡೆದು ಕೊಂದಿತು. ಆ ಭಾಗದಲ್ಲಿ ಮಕ್ಕಳ ಕಳ್ಳರು ತಿರುಗಾಡುತ್ತಿದ್ದಾರೆಂಬ ವದಂತಿ ಹಬ್ಬಿತ್ತು. ಕೊಲೆಗೆ ವದಂತಿ ಕಾರಣವಾದರೆ, ಕೊಲೆಯ ದೃಶ್ಯವೇ ಮುಂದಿನ ವದಂತಿಗೆ ಸಾಮಗ್ರಿಯಾಯಿತು: ಕೊಂದವರು ಅನ್ಯಧರ್ಮೀಯರೆಂಬ ಮಾತು ದೇಶದುದ್ದ ಹರಡಿತು. 22ರಂದು ಅಂದಿನ ಗೃಹಸಚಿವ ಅನಿಲ್ ದೇಶಮುಖ್ ಬಂಧಿತರಾದ 101 ಮಂದಿಯ ಹೆಸರುಗಳನ್ನೇ ಪ್ರಕಟಿಸಿ, ಇವರಲ್ಲಿ ಒಬ್ಬನೂ ಮುಸ್ಲಿಮನಿಲ್ಲವೆಂದು ಹೇಳಬೇಕಾಯಿತು. ಸರ್ಕಾರವೊಂದು ಆರೋಪಿಗಳ ಪಟ್ಟಿಯನ್ನು ಧರ್ಮದ ಕಣ್ಣಿನಿಂದ ಓದಿ ತೋರಿಸಬೇಕಾಗಿ ಬಂದದ್ದೇ ಪ್ರಶ್ನೆ ಎಷ್ಟು ಆಳಕ್ಕೆ ಇಳಿದಿತ್ತೆಂಬುದಕ್ಕೆ ಸಾಕ್ಷಿ. ಕೊಲೆಗೆ ಪೊಲೀಸರೇ ಸಾಕ್ಷಿಯಾಗಿ ನಿಂತದ್ದು ಹೇಗೆ ಎಂಬುದು ಈ ಗದ್ದಲದಲ್ಲಿ ಹಿಂದೆ ಸರಿಯಿತು.

ಇಷ್ಟರ ಅನಂತರ ನಮ್ಮ ಮುಖ್ಯ ವಿಷಯಕ್ಕೆ, ಮುಂಬಯಿ ಕನ್ನಡಿಗರಿಗೆ ಬರಬಹುದು. ಹೊರನಾಡಿನ ಸಂಶೋಧಕರ ತಿಳಿವಳಿಕೆಗಾಗಿ ಒಂದೆರಡು ಮಾತು. ಮುಂಬಯಿಯ ಕನ್ನಡಿಗರು ಒಂದೇ ಸಮುದಾಯವಲ್ಲ. ಕರಾವಳಿಯವರ ಹೋಟೆಲುಗಳೂ ಜಾತಿಸಂಘಗಳೂ ರಾತ್ರಿಶಾಲೆಗಳೂ ಪ್ರಸಿದ್ಧವಾದುವು. ಮಾಟುಂಗದ ಮೈಸೂರ್ ಅಸೋಸಿಯೇಷನ್ 1926ರದು. ಮಾಹಿಮಿನ ಕರ್ನಾಟಕ ಸಂಘ 1933ರದು. ಇವರಲ್ಲದೆ ಯಾದಗಿರಿ, ಕಲಬುರಗಿ, ವಿಜಯಪುರ ಭಾಗಗಳಿಂದ ಕಟ್ಟಡದ ಕೆಲಸಕ್ಕೆ ಹೋದವರು, ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ಹಾಗೂ ಹಾಸನ ಜಿಲ್ಲೆಯ ಚನ್ನರಾಯಪಟ್ಟಣದ ಕಡೆಯಿಂದ ಹೋಟೆಲು ಮತ್ತು ವಾಹನ ಚಾಲನೆಯ ಕೆಲಸಕ್ಕೆ ಹೋದವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಈ ಕೊನೆಯವರ ಬಗ್ಗೆ ನಮ್ಮ ಮುಂಬಯಿ ಅಧ್ಯಯನಗಳು ಬಹುಮಟ್ಟಿಗೆ ಮೌನವಾಗಿವೆ. 2020ರಲ್ಲಿ ಅವರ ಇರವು ಕರ್ನಾಟಕಕ್ಕೆ ತಿಳಿದದ್ದು ರೋಗಿಗಳಾಗಿ.

ದಿಗ್ಬಂಧನ ಈ ಜನರ ದುಡಿಮೆಯನ್ನು ಒಮ್ಮೆಲೇ ನಿಲ್ಲಿಸಿತು. ಹೋಟೆಲು ಮುಚ್ಚಿದರೆ ಅಲ್ಲಿಯ ಕೆಲಸಗಾರನಿಗೆ ಸಂಬಳದೊಂದಿಗೆ ಊಟವೂ ಮಲಗುವ ಜಾಗವೂ ಹೋಗುತ್ತದೆ. ಜೊತೆಗೆ, ಮಹಾರಾಷ್ಟ್ರ ಸರ್ಕಾರದ ಏಪ್ರಿಲ್ 18ರ ಆದೇಶವು ಪತ್ರಿಕೆಗಳನ್ನು ಮನೆಬಾಗಿಲಿಗೆ ಹಂಚುವುದನ್ನು ತಡೆಯಿತು. ಅನಂತರ ಅದು ಸಡಿಲಗೊಂಡರೂ ಮುಂಬಯಿಯಲ್ಲಿ ನಿರ್ಬಂಧ ಜೂನ್ ಮೊದಲ ವಾರದವರೆಗೆ ಉಳಿಯಿತು. ‘ಕರ್ನಾಟಕ ಮಲ್ಲ’, ಮುಂಬಯಿಯ ‘ಉದಯವಾಣಿ’ ಮುಂತಾದ ಕನ್ನಡ ಪತ್ರಿಕೆಗಳನ್ನು ದಿನವೂ ಓದುತ್ತಿದ್ದ ಮನೆಗಳಿಗೆ ಊರಿನ ಸುದ್ದಿ ಬರಲು ಉಳಿದ ದಾರಿ ಮೊಬೈಲೊಂದೇ. ಗಡಿಯಲ್ಲಿ ಬಿಡುತ್ತಾರೆಯೇ, ಸೇವಾಸಿಂಧುವಿನಲ್ಲಿ ಅನುಮತಿ ಸಿಕ್ಕಿತೇ, ನಿಪ್ಪಾಣಿಯ ಬಳಿಯ ಕೊಗನೊಳ್ಳಿ ತಪಾಸಣಾ ಠಾಣೆಯಲ್ಲಿ ಎಷ್ಟು ಹೊತ್ತು ಕಾಯಬೇಕು ಎಂಬ ಪ್ರಾಣಕ್ಕೆ ಸಂಬಂಧಿಸಿದ ಪ್ರಶ್ನೆಗಳಿಗೆ ಉತ್ತರ ಹುಡುಕಿದ್ದೂ ಅಲ್ಲೇ. ಈ ಉಪಕಾರವನ್ನು ಮರೆತು ಮಾಧ್ಯಮವನ್ನು ದೂಷಿಸುವುದು ಸರಿಯಲ್ಲ. ಸಂಘಗಳು ಪಡಿಚೀಲಗಳನ್ನು ಹಂಚಿದ್ದು, ಬಸ್ಸು ಗೊತ್ತುಮಾಡಿದ್ದು ಇವೇ ಗುಂಪುಗಳ ಮೂಲಕ.

ಮೇ ತಿಂಗಳಲ್ಲಿ ಗಡಿ ತೆರೆದಾಗ ಜನ ಮರಳತೊಡಗಿದರು. ಅವರಲ್ಲಿ ಸೋಂಕಿತರೂ ಇದ್ದರು. ಮೇ 18ರಂದು ಕರ್ನಾಟಕ ಸರ್ಕಾರ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದು ಪ್ರಕಟಿಸಿತು. ಮರುದಿನ ರಾಜ್ಯದಲ್ಲಿ ಪತ್ತೆಯಾದ 149 ಹೊಸ ಪ್ರಕರಣಗಳಲ್ಲಿ 71 ಮಂಡ್ಯ ಜಿಲ್ಲೆಯವು. ಜೂನ್ 2ರ 388 ಪ್ರಕರಣಗಳಲ್ಲಿ 367 ಹೊರರಾಜ್ಯಗಳಿಂದ ಬಂದವರವು. ಉಡುಪಿ ಜಿಲ್ಲೆಯೊಂದರಲ್ಲೇ 150. ಈ ಅಂಕಿಗಳು ಸುಳ್ಳಲ್ಲ. ಆರೋಗ್ಯ ಇಲಾಖೆಯ ಪ್ರಕಟಣೆ ಪ್ರತಿಯೊಬ್ಬ ರೋಗಿಗೂ ಒಂದು ಸಂಖ್ಯೆ ಕೊಟ್ಟು, ವಯಸ್ಸು, ಲಿಂಗ, ಜಿಲ್ಲೆ, ಪ್ರಯಾಣದ ಹಿನ್ನೆಲೆಗಳನ್ನು ಮಧ್ಯಾಹ್ನ ಹಾಗೂ ಸಂಜೆ ಹೊರಡಿಸುತ್ತಿತ್ತು. ಹೆಸರಿರಲಿಲ್ಲ. ಆದರೆ ಕೆಲವು ನೂರು ಮನೆಗಳ ಊರಿನಲ್ಲಿ, ಮುಂಬಯಿಯಿಂದ ಬಂದ ಮೂವತ್ತರ ಪ್ರಾಯದ ಹೆಂಗಸು ಎಂದರೆ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಪ್ರಕಟಣೆಯ ಪುಟ ಗ್ರಾಮದ ವಾಟ್ಸಾಪ್ ಗುಂಪಿಗೆ ಬಂದಾಗ ಆ ಸಂಖ್ಯೆಗೆ ಹೆಸರು ತಾನಾಗಿ ಸೇರಿಕೊಳ್ಳುತ್ತಿತ್ತು. ಮಾರ್ಚಿನಲ್ಲಿ ವಿದೇಶದಿಂದ ಮರಳಿದವರ ಮನೆವಿಳಾಸಗಳನ್ನು ಸರ್ಕಾರವೇ ಪ್ರಕಟಿಸಿದಾಗ ಶಂಕೆಗೆ ಒಂದು ಮಾದರಿ ಸಿದ್ಧವಾಗಿತ್ತು.

ಶಬ್ದದ ಮಾದರಿಯೂ ಅಷ್ಟೇ. ಏಪ್ರಿಲ್‌ನಲ್ಲಿ, ದೆಹಲಿಯ ನಿಜಾಮುದ್ದೀನಿನ ಸಮಾವೇಶಕ್ಕೆ ಹೋಗಿಬಂದವರ ಕುರಿತ ಸುದ್ದಿಗಳಲ್ಲಿ ‘ತಬ್ಲಿಘಿ ನಂಟು’ ಎಂಬ ಪ್ರಯೋಗ ನೆಲೆಗೊಂಡಿತ್ತು. ಆ ದಿನಗಳ ದ್ವೇಷ ಎಷ್ಟಿತ್ತೆಂದರೆ, ಕೆಲವರ ತಪ್ಪಿಗಾಗಿ ಇಡೀ ಮುಸ್ಲಿಂ ಸಮುದಾಯವನ್ನು ದೂರುವವರ ಮೇಲೆ ಕ್ರಮ ಕೈಗೊಳ್ಳುವುದಾಗಿ ಮುಖ್ಯಮಂತ್ರಿಗಳಾಗಿದ್ದ ಬಿ.ಎಸ್. ಯಡಿಯೂರಪ್ಪನವರು ಎಚ್ಚರಿಸಬೇಕಾಯಿತು. ಮುಂಬಯಿ ಉಚ್ಚ ನ್ಯಾಯಾಲಯದ ಔರಂಗಾಬಾದ್ ಪೀಠ 2020ರ ಆಗಸ್ಟ್ 21ರಂದು ವಿದೇಶೀ ತಬ್ಲಿಘಿಗಳ ಮೇಲಿನ ಮೊಕದ್ದಮೆಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶುಗಳನ್ನಾಗಿ ಮಾಡಲಾಯಿತೆಂದೂ ಮಾಧ್ಯಮಗಳಲ್ಲಿ ಅಪಪ್ರಚಾರ ನಡೆಯಿತೆಂದೂ ಹೇಳಿತು. ಮೇ ಹೊತ್ತಿಗೆ ಅದೇ ವಾಕ್ಯದಲ್ಲಿ ‘ತಬ್ಲಿಘಿ’ಯ ಜಾಗಕ್ಕೆ ‘ಮುಂಬೈ’ ಬಂತು. ವಾಕ್ಯರಚನೆ ಬದಲಾಗಲಿಲ್ಲ. ಏಪ್ರಿಲ್‌ನಲ್ಲಿ ಈ ವಾಕ್ಯವನ್ನು ನಿಸ್ಸಂಕೋಚವಾಗಿ ಮುಂದೆ ಸಾಗಿಸಿದವರಲ್ಲಿ ಮುಂಬಯಿಯ ನಮ್ಮವರೂ ಇದ್ದಿರಬೇಕು. ಮೇ ತಿಂಗಳಲ್ಲಿ ಅದು ಅವರನ್ನೇ ಹುಡುಕಿಕೊಂಡು ಬಂತು. ಇಲ್ಲಿ ಧರ್ಮಭೇದವಿಲ್ಲ, ಭಾಷಾಭೇದವಿಲ್ಲ. ಎಷ್ಟೋ ಕಡೆ ಒಂದೇ ಮನೆತನ.

‘ನಂಟು’ ಪದ ಹೊತ್ತಿದ್ದ ಹಿಂದಿನ ಭಾರವನ್ನು ನೆನೆದರೆ ಈ ಪಲ್ಲಟದ ತೀವ್ರತೆ ತಿಳಿಯುತ್ತದೆ. ಕರಾವಳಿಯಲ್ಲಾಗಲಿ ಮಂಡ್ಯದ ಕಡೆಯಲ್ಲಾಗಲಿ ಮುಂಬಯಿಯ ನಂಟು ಇರುವುದೆಂದರೆ ಮನಿಯಾರ್ಡರ್ ಬರುವುದು, ತಮ್ಮನಿಗೆ ಕೆಲಸ ಸಿಗುವುದು, ತಂಗಿಯ ಮದುವೆಗೆ ನೆರವಾಗುವುದು, ಊರ ಶಾಲೆಗೆ ಕೊಠಡಿ, ದೇವಸ್ಥಾನಕ್ಕೆ ಬ್ರಹ್ಮಕಲಶ. ಆದುದರಿಂದಲೇ ಮುಂಬಯಿಯ ಕಡೆಯಿಂದ ಹೊರಟ ಉತ್ತರ ಕಹಿಯಾಗಿತ್ತು: ಜೀರ್ಣೋದ್ಧಾರದ ರಸೀದಿ ಪುಸ್ತಕ ಹಿಡಿದು ಬಂದಾಗ ಬೇಕಾಗಿದ್ದ ನಾವು ಈಗ ಬೇಡವಾದೆವೇ ಎಂಬ ಧಾಟಿಯ ಬರಹಗಳೂ ಧ್ವನಿಸಂದೇಶಗಳೂ ಹರಿದಾಡಿದವು. ಊರಿನವರ ಮಾತೂ ಆಧಾರವಿಲ್ಲದ್ದಲ್ಲ. ಹತ್ತಿರದಲ್ಲಿ ಆಸ್ಪತ್ರೆಯಿಲ್ಲ, ಮನೆಯಲ್ಲಿ ವಯಸ್ಸಾದ ತಂದೆತಾಯಿಗಳಿದ್ದಾರೆ, ಮಕ್ಕಳ ಶಾಲೆಯೇ ಕ್ವಾರಂಟೈನ್ ಕೇಂದ್ರವಾಗಿದೆ. ಎರಡೂ ಕಡೆಯ ಮಾತು ನ್ಯಾಯವಾದದ್ದು. ಮುಖಾಮುಖಿಯಾಗಿದ್ದರೆ ಜಗುಲಿಯ ಮೇಲೆ ಒಂದು ಜಗಳವಾಗಿ ಮುಗಿಯಬಹುದಾಗಿದ್ದ ಈ ಮಾತುಗಳು ಎರಡು ಪ್ರತ್ಯೇಕ ಗುಂಪುಗಳಲ್ಲಿ ಬೆಳೆದವು. ಊರ ಗುಂಪಿನಲ್ಲಿ ಮುಂಬಯಿಯವನು ಸುಮ್ಮನಾದನು. ಮುಂಬಯಿ ಶಾಖೆಯ ಗುಂಪಿನಲ್ಲಿ ಊರಿನ ಪರ ಆಡುವವನು ಸುಮ್ಮನಾದನು. ಅಣ್ಣನು ತಮ್ಮನಿಗೆಂದು ಕಳುಹಿಸಿದ ಧ್ವನಿಸಂದೇಶ ಅಪರಿಚಿತರ ಕೈಸೇರಿ, ಅಲ್ಲಿ ‘ಮುಂಬಯಿಯವರ ಸೊಕ್ಕು’ ಎಂದೋ ‘ಊರಿನವರ ಕೃತಘ್ನತೆ’ ಎಂದೋ ಹೆಸರು ಪಡೆಯುತ್ತಿತ್ತು. ಧ್ರುವೀಕರಣ ಎಂಬ ದೊಡ್ಡ ಪದ ನೆಲಮಟ್ಟದಲ್ಲಿ ಸೂಚಿಸುವುದು ಇಂಥದನ್ನೇ: ಮಧ್ಯಸ್ಥಿಕೆ ಮಾಡಬಲ್ಲ ಸೋದರಮಾವನೊಬ್ಬನು ಎರಡೂ ಕಡೆ ಬಾಯಿ ಮುಚ್ಚಿಕೊಳ್ಳುವುದು.

ಈ ಸಾಮಗ್ರಿಯ ಸಂಗ್ರಹದ ಕಡೆಗೆ ಕನ್ನಡ ಅಧ್ಯಯನ ಇನ್ನೂ ಗಂಭೀರವಾಗಿ ಗಮನ ಹರಿಸಿಲ್ಲ. ಪತ್ರಿಕೆಗಳ ಶೀರ್ಷಿಕೆಗಳು ಉಳಿದಿವೆ. ಇಲಾಖೆಯ ಪ್ರಕಟಣೆಗಳೂ ಸಿಗುತ್ತವೆ. ಕನ್ನಡ, ತುಳು, ಮುಂಬಯಿ ಹಿಂದಿ ಬೆರೆತ ಆ ಧ್ವನಿಸಂದೇಶಗಳು ಮಾತ್ರ ಹಳೆಯ ಫೋನುಗಳೊಂದಿಗೆ ಅಳಿದುಹೋಗುತ್ತಿವೆ. ಹಬ್ಬಿದ್ದು ಅವು, ಉಳಿದಿರುವುದು ಇವು. ಕೇವಲ ಮುದ್ರಿತ ಸಾಮಗ್ರಿಯನ್ನು ಆಧರಿಸಿ ಆ ದಿನಗಳ ಜನಾಭಿಪ್ರಾಯವನ್ನು ನಿರೂಪಿಸಹೊರಡುವವರು ಇದನ್ನು ಮರೆಯಬಾರದು.

2020ರ ಜುಲೈಯಲ್ಲಿ ಸೋಂಕು ಬೆಂಗಳೂರಿನಲ್ಲಿ ಏರತೊಡಗಿ, 14ರಿಂದ 22ರವರೆಗೆ ನಗರದಲ್ಲಿ ಮತ್ತೆ ದಿಗ್ಬಂಧನ ಜಾರಿಗೆ ಬಂತು. ಅದಕ್ಕೆ ಮುಂಚಿನ ದಿನಗಳಲ್ಲಿ ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ಊರುಗಳಿಗೆ ಹೊರಟರು. ಶೀರ್ಷಿಕೆಗಳಿಂದ ಮುಂಬಯಿ ಮೆಲ್ಲನೆ ಮರೆಯಾಯಿತು. ಬೆಂಗಳೂರಿನಿಂದ ಯಾರೂ ಬರಕೂಡದೆಂದು ಕೆಲವು ಹಳ್ಳಿಗಳಲ್ಲಿ ಡಂಗುರ ಸಾರಿಸಲಾಯಿತು. ಆ ಡಂಗುರದ ದೃಶ್ಯವೂ ಮೊಬೈಲುಗಳಲ್ಲಿ ಹರಿದಾಡಿತು.